ಎರಡು ಕಾಯಿಲೆ, ಒಂದೇ ಕುರ್ಚಿ: 20 ವಾರದ ಗ್ರೂಪ್ ಥೆರಪಿ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4. ಆ ಒಂದು ನಂಬರ್ ಯಾಕೆ ಹೋಯಿತು ಅನ್ನುವುದು ಉದ್ದದ ಕಥೆ, ಕೆಳಗೆ ಬರುತ್ತದೆ. ಅರ್ಜೆಂಟಲ್ಲಿ ಇರುವವರಿಗೆ ಇಷ್ಟು ಸಾಕು: ನಿಮಗೆ ಬೈಪೋಲಾರ್ (ಮೂಡ್ ಒಮ್ಮೆ ಅತಿಯಾಗಿ ಏರಿ, ಒಮ್ಮೆ ಅತಿಯಾಗಿ ಇಳಿಯುವ ಕಾಯಿಲೆ) ಇದ್ದು, ಜೊತೆಗೆ ಕುಡಿತವೋ ಇನ್ಯಾವುದೋ ನಶೆಯೋ ಅಂಟಿಕೊಂಡಿದ್ದರೆ, ಎರಡರ ಬಗ್ಗೆಯೂ ಒಂದೇ ಕೋಣೆಯಲ್ಲಿ ಮಾತಾಡುವ ಗ್ರೂಪ್ ಸಿಕ್ಕರೆ ಹೋಗಿ. ಪೂರ್ತಿ ಹೋಗಿ. ಅರ್ಧಕ್ಕೆ ಬಿಟ್ಟು ಬಂದು "ಏನೂ ಉಪಯೋಗ ಆಗ್ಲಿಲ್ಲ" ಅನ್ನಬೇಡಿ. ನಾನೂ ಎರಡು ಸಲ ಬಿಡುವುದರಲ್ಲಿದ್ದೆ.

ನನಗೆ ಬೈಪೋಲಾರ್ 1, ಅಂದರೆ ಏರು ತುಂಬಾ ಜೋರಾಗಿರುವ ಬಗೆ, ಅಂತ ಗೊತ್ತಾಗಿ ಆರು ವರ್ಷ. ಕುಡಿತ ಅದಕ್ಕಿಂತ ಹಳೆಯದು. ಯಾವುದು ಮೊದಲು ಶುರುವಾಯಿತು ಅಂತ ಡಾಕ್ಟರ್ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಡ್ ಏರಿದ್ದಕ್ಕೆ ಕುಡಿದೆನೋ, ಕುಡಿದದ್ದಕ್ಕೆ ಮೂಡ್ ಏರಿತೋ? ಬೀಜ ಮೊದಲೋ ಮರ ಮೊದಲೋ ಅನ್ನುವ ಹಾಗೆ. ಅವರು ಇದನ್ನು ಸುಮ್ನೆ ಕೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಕುಡಿಯದೇ ಇದ್ದ ತಿಂಗಳುಗಳಲ್ಲೂ ಮೂಡ್ ಹೀಗೇ ಏರಿಳಿಯುತ್ತಿತ್ತಾ ಅಂತ ನೋಡಿದರೆ ಮಾತ್ರ ಬೈಪೋಲಾರ್ ಯಾವುದು, ನಶೆಯ ಆಟ ಯಾವುದು ಅಂತ ಬಿಡಿಸಿ ನೋಡಲು ಆಗುತ್ತದೆ.

ಈ ಗ್ರೂಪಿಗೆ ಬರುವ ಮೊದಲು ಎರಡು ಬಾಗಿಲು ತಟ್ಟಿದ್ದೆ. ಒಂದು, ಕುಡಿತ ಬಿಡಿಸುವ ಕಡೆ. "ಮೊದಲು ಕುಡಿಯೋದು ನಿಲ್ಲಿಸಿ, ಮೂಡ್ ತಾನಾಗೇ ಸರಿಹೋಗುತ್ತೆ" ಅಂದರು. ಇನ್ನೊಂದು, ಮಾನಸಿಕ ಕಾಯಿಲೆ ನೋಡುವ ಕಡೆ. "ಮೊದಲು ಮೂಡ್ ಹಿಡಿತಕ್ಕೆ ಬರಲಿ, ಕುಡಿತದ ವಿಷಯ ಆಮೇಲೆ ನೋಡೋಣ" ಅಂದರು. ಇಬ್ಬರೂ ಒಳ್ಳೆಯವರೇ. ಆದರೆ ಅವರು "ಮೊದಲು" ಅಂದಾಗಲೆಲ್ಲ ನಾನು ಫೈಲ್ ಹಿಡಿದುಕೊಂಡು ಇನ್ನೊಂದು ಬಾಗಿಲಿಗೆ ಹೋಗುತ್ತಿದ್ದೆ. ಹೀಗೆ ಮೂರು ವರ್ಷ ಹೋಯಿತು. ಎರಡೂ ಒಟ್ಟಿಗೆ ಇರುವವರು ಅಪರೂಪ ಅಂದುಕೊಂಡಿದ್ದೆ, ಹಾಗಿಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಬೈಪೋಲಾರ್ 1 ಇದ್ದ 100 ಜನರಲ್ಲಿ ಸುಮಾರು 60 ಜನರಿಗೆ ಜೀವನದಲ್ಲಿ ಯಾವಾಗಲಾದರೂ ಕುಡಿತದ ಅಥವಾ ಡ್ರಗ್ಸಿನ ಸಮಸ್ಯೆ ಬಂದಿತ್ತು. ಅಂದರೆ ನಾವೇ ಜಾಸ್ತಿ ಜನ, ಅಲ್ವಾ? ಆದರೂ ಬಾಗಿಲು ಮಾತ್ರ ಬೇರೆ ಬೇರೆ.

ಈ ಥೆರಪಿಯ ಮೂಲ ಅಮೆರಿಕದ ಮೆಕ್ಲೀನ್ ಆಸ್ಪತ್ರೆ. ರೋಜರ್ ವೈಸ್ ಎಂಬ ಮನೋವೈದ್ಯರು ಮತ್ತು ಅವರ ತಂಡ ರೂಪಿಸಿದ್ದು. 2007ರಲ್ಲಿ ಅವರ ಅಧ್ಯಯನ ಹೊರಬಂತು: ಎರಡೂ ಕಾಯಿಲೆ ಇದ್ದ 62 ಜನ, 20 ವಾರ. ಅರ್ಧ ಜನರಿಗೆ ಈ ಜೋಡಿ ಗ್ರೂಪ್, ಉಳಿದವರಿಗೆ ಬರೀ ನಶೆ ಬಿಡಿಸುವ ಗ್ರೂಪ್. ಜೋಡಿ ಗ್ರೂಪಿನವರು ನಶೆ ಮಾಡಿದ ದಿನಗಳು ಗಣನೀಯವಾಗಿ ಕಡಿಮೆ ಇದ್ದವು. ಮೂಡ್ ವಿಷಯದಲ್ಲಿ ಅಂಥ ಪವಾಡ ಏನೂ ಆಗಲಿಲ್ಲ, ಕೆಲವು ಅಳತೆಯಲ್ಲಿ ಅವರಿಗೇ ಲಕ್ಷಣ ಸ್ವಲ್ಪ ಜಾಸ್ತಿ ಕಂಡಿತ್ತು. ಇದನ್ನು ಮೊದಲ ದಿನವೇ ನಮ್ಮ ಕೌನ್ಸೆಲರ್ ಮುಚ್ಚುಮರೆ ಇಲ್ಲದೆ ಹೇಳಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅಲ್ಲಿ. ನಾನು ಹೋದದ್ದು ಅದೇ ಮಾದರಿಯನ್ನು ಇಟ್ಟುಕೊಂಡು ನಡೆಸುತ್ತಿದ್ದ ಒಂದು ಗ್ರೂಪಿಗೆ. ವಾರಕ್ಕೊಮ್ಮೆ, ಒಂದು ಗಂಟೆ, ಏಳೆಂಟು ಜನ, ಗುಂಡಗೆ ಹಾಕಿದ ಕುರ್ಚಿಗಳು.

ಪ್ರತಿ ವಾರ ಶುರುವಾಗುವುದು ಒಂದೇ ರೀತಿ. ಸರದಿ ಪ್ರಕಾರ ಎಲ್ಲರಿಗೂ ಅವೇ ಪ್ರಶ್ನೆಗಳು. ಈ ವಾರ ಕುಡಿದಿರಾ, ಎಷ್ಟು ದಿನ? ಮೂಡ್ ಹೇಗಿತ್ತು? ಮಾತ್ರೆ ಹೇಳಿದ ಹಾಗೆ ತಗೊಂಡಿರಾ? ಮುಂದಿನ ವಾರ ಕಾಲು ಜಾರುವಂಥ ಸಂದರ್ಭ ಏನಾದರೂ ಇದೆಯಾ? ಮುಗಿಯಿತು. ಹತ್ತು ನಿಮಿಷವೋ ಹದಿನೈದೋ. ಮೊದಲ ವಾರ ನನಗೆ ಇದು ಶಾಲೆಯ ಹಾಜರಾತಿ ಥರ ಅನಿಸಿತು. ಮೂರನೇ ವಾರ ಒಬ್ಬ ಹಿರಿಯರು "ಕುಡಿದಿಲ್ಲ, ಮೂಡ್ ಪರವಾಗಿಲ್ಲ, ಮಾತ್ರೆ ನಾಲ್ಕು ದಿನ ಬಿಟ್ಟೆ" ಅಂದರು. ಏನೂ ಆಗಿಲ್ಲ ಅನ್ನುವ ಹಾಗೆ. ಕೌನ್ಸೆಲರ್ ಅಲ್ಲಿಗೇ ನಿಲ್ಲಿಸಿ, "ನಾಲ್ಕು ದಿನ ಕುಡಿದೆ ಅಂದಿದ್ದರೆ ಇಲ್ಲಿ ಎಲ್ಲರೂ ತಿರುಗಿ ನೋಡ್ತಿದ್ವಿ ಅಲ್ವಾ ಸರ್?" ಅಂತ ಕೇಳಿದರು. ಕೋಣೆ ಸ್ತಬ್ಧ. ನಾನು ನೆಲ ನೋಡುತ್ತಿದ್ದೆ. ಆ ವಾರ ನಾನೂ ಎರಡು ದಿನ ಬಿಟ್ಟಿದ್ದೆ, ಮತ್ತು "ಎಲ್ಲಾ ತಗೊಂಡೆ" ಅಂತ ಹೇಳಿಯಾಗಿತ್ತು.

ಈ ಗ್ರೂಪಿಗೆ ಇರುವ ನಿಯಮ ಒಂದೇ. ಏನೇ ಆಗಲಿ ಕುಡಿಯಬೇಡಿ, ನಶೆ ಮಾಡಬೇಡಿ, ಮಾತ್ರೆಯನ್ನು ಹೇಳಿದ ಹಾಗೆ ತಗೊಳ್ಳಿ. ಎರಡು ಕಾಯಿಲೆಗೆ ಎರಡು ನಿಯಮ ಇಲ್ಲ. ಕೇಳಲು ಎಷ್ಟು ಸಪ್ಪೆ ಅನಿಸುತ್ತದೋ, ಬದುಕಲು ಅಷ್ಟೇ ಕಷ್ಟ. ಯಾಕೆಂದರೆ ನನ್ನ ತಲೆಯಲ್ಲಿ ಕುಡಿತ "ತಪ್ಪು", ಮಾತ್ರೆ ಬಿಡುವುದು "ಮರೆವು". ಒಂದಕ್ಕೆ ನಾಚಿಕೆ, ಇನ್ನೊಂದಕ್ಕೆ ಮಾಫಿ.

ಇಲ್ಲಿಂದ ಮುಂದೆ ನಿಜವಾದ ವಿಷಯ. ಈ ಗ್ರೂಪ್ ಯಾಕೆ ಕೆಲಸ ಮಾಡಿತು ಅಂದರೆ, ನನ್ನ ಎರಡು ಕಾಯಿಲೆಗಳು ಒಂದೇ ಭಾಷೆ ಮಾತಾಡುತ್ತವೆ ಅಂತ ಅದು ಪದೇ ಪದೇ ತೋರಿಸಿತು. ನಾಲ್ಕನೇ ವಾರ ಒಂದು ಕಾಗದ ಕೊಟ್ಟು, ಮತ್ತೆ ಕುಡಿಯುವ ಮೊದಲು ತಲೆಯಲ್ಲಿ ಓಡಿದ ಮಾತನ್ನು ಬರೆಯಲು ಹೇಳಿದರು. ನಾನು ಬರೆದೆ: "ಈಗ ಚೆನ್ನಾಗಿದ್ದೀನಲ್ಲ, ಒಂದು ತಗೊಂಡರೆ ಏನಾಗುತ್ತೆ." ಹಿಂದಿನ ಪುಟದಲ್ಲಿ, ಮಾತ್ರೆ ನಿಲ್ಲಿಸುವ ಮೊದಲು ಓಡಿದ ಮಾತು. ಬರೆದೆ: "ಈಗ ಚೆನ್ನಾಗಿದ್ದೀನಲ್ಲ, ಒಂದು ಬಿಟ್ಟರೆ ಏನಾಗುತ್ತೆ." ತಗೊಂಡರೆ, ಬಿಟ್ಟರೆ. ಒಂದು ಪದ ಬಿಟ್ಟರೆ ವಾಕ್ಯ ಅದೇ. ನನ್ನ ಕೈಬರಹದಲ್ಲೇ ಇತ್ತು. ಆರು ವರ್ಷ ಯಾರೋ ಹೇಳಿದರೂ ತಲೆಗೆ ಹೋಗದ ವಿಷಯ, ಒಂದು ಕಾಗದದ ಎರಡು ಬದಿ ನೋಡಿ ಹೋಯಿತು.

ಎರಡು ಕಾಯಿಲೆಯೂ ನಾವು ಚೆನ್ನಾಗಿದ್ದಾಗಲೇ ಮೋಸ ಮಾಡುತ್ತವೆ. ಹಲ್ಲುನೋವು ಇದ್ದಾಗ ಮಾತ್ರೆ ಮರೆಯುವವರು ಯಾರೂ ಇಲ್ಲ. ನೋವು ಹೋದ ಮೇಲೆ ಮಾತ್ರೆ ಯಾಕೆ ಅನ್ನುವುದು ಸಹಜ. ಆದರೆ ಮೂಡನ್ನು ಹಿಡಿತದಲ್ಲಿಡುವ ಲಿಥಿಯಂ ಮಾತ್ರೆ ತಗೊಳ್ಳುವವರು ಅದನ್ನು ಥಟ್ಟನೆ ನಿಲ್ಲಿಸಿದರೆ, ಮೆಲ್ಲಗೆ ಇಳಿಸಿದವರಿಗಿಂತ ಬೇಗ ಮೇನಿಯಾ (ಮೂಡ್ ಮಿತಿಮೀರಿ ಏರಿದ ಸ್ಥಿತಿ) ಮರಳುವ ಅಪಾಯ ಇದೆ. ಇನ್ನೊಂದು ಕಡೆ, ವರ್ಷಗಟ್ಟಲೆ ದಿನವೂ ಜೋರಾಗಿ ಕುಡಿಯುತ್ತಿದ್ದವರು ಮನೆಯಲ್ಲಿ ಒಬ್ಬರೇ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ, ನಡುಕ ಶುರುವಾಗಿ ಜೀವಕ್ಕೇ ಅಪಾಯ ಆಗಬಹುದು. ಒಳ್ಳೆಯದನ್ನು ನಿಲ್ಲಿಸುವುದೂ, ಕೆಟ್ಟದ್ದನ್ನು ನಿಲ್ಲಿಸುವುದೂ, ಎರಡನ್ನೂ ಡಾಕ್ಟರನ್ನು ಕೇಳಿಯೇ ಮಾಡಬೇಕು. ಇಂಥ ತಮಾಷೆ ಬೇರೆ ಯಾವ ಕಾಯಿಲೆಯಲ್ಲಿದೆಯೋ ಕಾಣೆ.

ಲಿಥಿಯಂ ಬಗ್ಗೆ ಇನ್ನೂ ಒಂದು. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇರಬೇಕು ಅಂತ ನೋಡುತ್ತಾರೆ, ಕೊನೆಯ ಡೋಸ್ ತಗೊಂಡು 12 ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. ತುಂಬಾ ಚಿಕ್ಕ ಕಿಂಡಿ ಅದು. ಕಡಿಮೆಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಿಷ. ಕುಡಿದು ವಾಂತಿ ಮಾಡಿಕೊಂಡು ಮೈಯಲ್ಲಿ ನೀರಿನಂಶ ಇಳಿದರೆ ಈ ಮಟ್ಟ ಏರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯಿಂದಲೂ ಏರಬಹುದು. ಕುಡಿದ ಮಾರನೇ ದಿನ ತಲೆನೋವಿಗೆ ನಾನು ನುಂಗುತ್ತಿದ್ದದ್ದು ಅದನ್ನೇ.

ಎಂಟನೇ ವಾರ ಎಲ್ಲಕ್ಕಿಂತ ಕಷ್ಟದ್ದು. ವಿಷಯ: ಆ "ಏರು" ಕಾಲದ ನೆನಪು. ಕುಡಿತ ಬಿಟ್ಟವರನ್ನು ಕೇಳಿ ನೋಡಿ, ಅವರಿಗೆ ಮೊದಲ ಗುಟುಕು ನೆನಪಿರುತ್ತದೆ, ಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿ ನಿಂತದ್ದು ನೆನಪಿಗೆ ಬರಲ್ಲ. ತಲೆ ಚೆಂದದ್ದನ್ನು ಆರಿಸಿ ಇಟ್ಟುಕೊಳ್ಳುತ್ತದೆ. ಬೈಪೋಲಾರ್ ಇರುವವರಿಗೂ ಇದೇ ಕಾಟ, ಆದರೆ ನಾವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ನನ್ನ ಹೈಪೋಮೇನಿಯಾ, ಅಂದರೆ ಮೇನಿಯಾಕ್ಕಿಂತ ಸೌಮ್ಯವಾದ ಏರು, ಇಷ್ಟ. ಇಷ್ಟ ಅನ್ನುವುದು ಚಿಕ್ಕ ಮಾತಾಯಿತು. ನಾಲ್ಕು ಗಂಟೆ ನಿದ್ದೆ ಮಾಡಿ ತಾಜಾ ಎದ್ದು, ಬಾಕಿ ಇದ್ದ ಕೆಲಸವೆಲ್ಲ ಮುಗಿಸಿ, ಸಿಕ್ಕವರೆಲ್ಲ ನನ್ನ ಮಾತಿಗೆ ನಗುತ್ತಾ, ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ ಕಾಣುವ ಆ ಹತ್ತು ದಿನಗಳು ಇವೆಯಲ್ಲ, ಮಾತ್ರೆ ತಗೊಳ್ಳುವುದು ಅಂದರೆ ಆ ದಿನಗಳಿಗೆ ಬಾಗಿಲು ಹಾಕುವುದು ಅಂತ ನಾನು ಗುಟ್ಟಾಗಿ ಅಳುತ್ತಿದ್ದೆ. ಆಮೇಲೆ ಬಂದ ಸಾಲ, ಕೆಲಸ ಬಿಟ್ಟದ್ದು, ಗೆಳೆಯನಿಗೆ ರಾತ್ರಿ ಮೂರಕ್ಕೆ ಫೋನ್ ಮಾಡಿ ಬೈದದ್ದು, ಕೊನೆಗೆ ಆಸ್ಪತ್ರೆ, ಅದೆಲ್ಲ ಬೇರೆ ಯಾರಿಗೋ ಆದದ್ದು ಅನ್ನುವ ಹಾಗೆ ಮಸುಕಾಗಿತ್ತು.

ನನ್ನ ಪಕ್ಕ ಕೂತಿದ್ದ ಮಹಿಳೆ, ಕುಡಿತ ಬಿಟ್ಟು ಐದು ವರ್ಷ ಆದವರು, ಹೇಳಿದ್ದು: "ನಾನು ನೆನಪನ್ನ ಅರ್ಧಕ್ಕೆ ನಿಲ್ಲಿಸಲ್ಲ. ಗ್ಲಾಸ್ ನೆನಪಾದರೆ ಸಿನಿಮಾ ಕೊನೇ ತನಕ ಓಡಿಸ್ತೀನಿ." ಇದು ನಶೆ ಬಿಡುವವರ ಹಳೇ ಪಾಠ. ಬೈಪೋಲಾರಿಗೆ ಇದನ್ನು ಯಾವ ಡಾಕ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ಈಗ ಆ ಹತ್ತು ದಿನ ನೆನಪಾದರೆ ನಾನು ಹನ್ನೊಂದನೇ ದಿನದ ತನಕ ಓಡಿಸುತ್ತೇನೆ. ನಲವತ್ತನೇ ದಿನದ ತನಕವೂ. ಅಧ್ಯಯನಗಳನ್ನು ನೋಡಿದರೆ ಬೈಪೋಲಾರ್ 1 ಇರುವವರು ಏರಿನಲ್ಲಿ ಕಳೆಯುವುದಕ್ಕಿಂತ ಸುಮಾರು ಮೂರು ಪಟ್ಟು ಸಮಯ ಡಿಪ್ರೆಶನ್ನಿನಲ್ಲಿ ಕಳೆಯುತ್ತಾರೆ. ಸಿನಿಮಾದ ಜಾಹೀರಾತಿನಲ್ಲಿ ಆ ಭಾಗ ತೋರಿಸುವುದೇ ಇಲ್ಲ.

ಇನ್ನೊಂದು ವಾರದ ವಿಷಯಕ್ಕೆ ನಮ್ಮಲ್ಲಿ ಗಾದೆಯೇ ಇದೆ. ಮುಳುಗಿದವನಿಗೆ ಚಳಿಯೇನು, ಮಳೆಯೇನು. ಒಂದು ಗ್ಲಾಸ್ ಆಗಿಹೋಯಿತು, ಇನ್ನು ಬಾಟಲಿ ಮುಗಿಸಿದರೇನು? ಮಾತ್ರೆ ಒಂದು ವಾರ ತಪ್ಪಿತು, ಇನ್ನು ತಗೊಂಡು ಏನು ಪ್ರಯೋಜನ? ಡಿಪ್ರೆಶನ್ ಹೇಗಿದ್ದರೂ ಇದೆ, ಕುಡಿದರೆ ಎಷ್ಟು ಕೆಡುತ್ತೆ? ಆಲನ್ ಮಾರ್ಲಟ್ ಎಂಬ ಮನಃಶಾಸ್ತ್ರಜ್ಞರು ನಶೆಯ ವಿಷಯದಲ್ಲಿ ಇದನ್ನು 1980ರ ದಶಕದಲ್ಲೇ ಬಿಡಿಸಿ ಹೇಳಿದ್ದರು: ಒಂದು ಸಲ ಜಾರುವುದು ಬೇರೆ, ಪೂರ್ತಿ ಬೀಳುವುದು ಬೇರೆ, ಎರಡರ ನಡುವೆ ಇರುವುದು "ನಾನು ಕೆಲಸಕ್ಕೆ ಬಾರದವನು" ಅನ್ನುವ ಯೋಚನೆ. ಆ ಯೋಚನೆಯೇ ಜಾರಿದವನನ್ನು ಬೀಳಿಸುತ್ತದೆ. ನಮ್ಮ ಗ್ರೂಪಿನಲ್ಲಿ ಗಾದೆ ಹೇಳಿದ್ದು ನಾನೇ. ಎಲ್ಲರೂ ನಕ್ಕರು. ಮುಂದೆ ಯಾರಾದರೂ ವಾರದ ವರದಿ ಕೊಡುತ್ತಾ "ಇನ್ನೇನು ಬಿಡಿ" ಅಂದರೆ ಸಾಕು, ಇನ್ನೊಬ್ಬರು "ಮಳೆ ಬರ್ತಿದೆ" ಅನ್ನುತ್ತಿದ್ದರು. ಅದು ನಮ್ಮ ಒಳಗಿನ ಸಂಕೇತ ಆಗಿಬಿಟ್ಟಿತ್ತು.

ನಿದ್ದೆಯ ಪಾಠ ಚೆನ್ನಾಗಿತ್ತು, ಸ್ವಲ್ಪ ಓಡಿಸಿಬಿಟ್ಟರು ಅನ್ನುವುದು ನನ್ನ ದೂರು. ಕುಡಿತ ಬೇಗ ನಿದ್ದೆ ಬರಿಸುತ್ತದೆ, ಆಮೇಲೆ ರಾತ್ರಿಯ ಎರಡನೇ ಅರ್ಧವನ್ನು ಚೂರು ಚೂರು ಮಾಡುತ್ತದೆ. ಬೈಪೋಲಾರಿನವರಿಗೆ ಕೆಟ್ಟ ನಿದ್ದೆ ಅಂದರೆ ಬರೀ ಸುಸ್ತು ಅಲ್ಲ, ಮೇನಿಯಾಕ್ಕೆ ಕೊಟ್ಟ ಆಹ್ವಾನ. ನಶೆ ಬಿಡುವವರು ನಾಲ್ಕು ವಿಷಯಕ್ಕೆ ಹೆದರುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಇಂಗ್ಲಿಷಿನಲ್ಲಿ ಆ ನಾಲ್ಕರ ಮೊದಲ ಅಕ್ಷರ ಸೇರಿಸಿದರೆ "ನಿಲ್ಲು" ಎಂಬ ಅರ್ಥದ ಪದ ಆಗುತ್ತದೆ. ಇದನ್ನು ಹಾಗೇ ಎತ್ತಿ ಬೈಪೋಲಾರ್ ಪಟ್ಟಿಯಲ್ಲಿ ಇಟ್ಟರೂ ಒಂದಕ್ಷರ ಬದಲಿಸಬೇಕಿಲ್ಲ.

ಬೈಪೋಲಾರ್ ಕಡೆಯಿಂದ ಇದಕ್ಕೆ ಜೋಡಿ ಅಂದರೆ ಎಲೆನ್ ಫ್ರ್ಯಾಂಕ್ ಎಂಬ ಮನಃಶಾಸ್ತ್ರಜ್ಞೆ ರೂಪಿಸಿದ, ದಿನದ ತಾಳ ಹಿಡಿಯುವ ಚಿಕಿತ್ಸೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಕಾಯಿಲೆ ಜೋರಾಗಿದ್ದಾಗಲೇ ಈ ಚಿಕಿತ್ಸೆ ಸಿಕ್ಕವರು ಹೊಸ ಎಪಿಸೋಡ್ (ಮೂಡ್ ಏರುವ ಅಥವಾ ಇಳಿಯುವ ಒಂದು ಸುತ್ತು) ಇಲ್ಲದೆ ಹೆಚ್ಚು ಕಾಲ ಇದ್ದರು. ಬರೆದಿಡಬೇಕಾದ್ದು ಐದೇ ಸಾಲು: ಹಾಸಿಗೆಯಿಂದ ಎದ್ದದ್ದು, ಮೊದಲ ಸಲ ಇನ್ನೊಬ್ಬರ ಜೊತೆ ಮಾತಾಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಊಟ, ಮಲಗಿದ್ದು. ಎದುರಿಗೆ ಸಮಯ. ಅಷ್ಟೇ. ನಾನು ಮೊದಲು ನಕ್ಕಿದ್ದೆ. ಎರಡು ತಿಂಗಳ ಹಾಳೆ ಮುಂದಿಟ್ಟುಕೊಂಡಾಗ, ಮೂಡ್ ಏರುವ ನಾಲ್ಕೈದು ದಿನ ಮೊದಲೇ ಮಲಗುವ ಸಮಯ ಜಾರುತ್ತಾ ಹೋದದ್ದು ಪೆನ್ಸಿಲ್ಲಿನಲ್ಲಿ ಕಾಣುತ್ತಿತ್ತು. ಕುಡಿಯುತ್ತಿದ್ದ ಕಾಲದಲ್ಲೂ ಹೀಗೇ ಇತ್ತು, ಬಾಟಲಿ ತೆರೆಯುವ ಎಷ್ಟೋ ದಿನ ಮೊದಲೇ ಫೋನ್ ಎತ್ತುವುದು ನಿಲ್ಲಿಸಿರುತ್ತಿದ್ದೆ. ಎರಡರಲ್ಲೂ ಬೀಳುವುದು ಬಿದ್ದ ದಿನ ಶುರುವಾಗಿರುವುದಿಲ್ಲ.

ಒಂದು ವಾರ ಮನೆಯವರನ್ನೂ ಕರೆದಿದ್ದರು. ನಾನು ಅಕ್ಕನನ್ನು ಕರೆದುಕೊಂಡು ಹೋದೆ, ಅವಳ ಜೊತೆಯೇ ಇರುವುದು. ಕುಡಿತದವರ ಮನೆಯವರು ಹತ್ತಿರ ಬಂದು ಬಾಯಿ ವಾಸನೆ ನೋಡುತ್ತಾರಂತೆ, ಬಾಟಲಿ ಹುಡುಕುತ್ತಾರಂತೆ. ಬೈಪೋಲಾರಿನವರ ಮನೆಯವರು ನಗು ಅಳೆಯುತ್ತಾರೆ. ನಾನು ಸ್ವಲ್ಪ ಜೋರಾಗಿ ನಕ್ಕರೆ ಅಕ್ಕ ಅಡುಗೆಮನೆಯಿಂದಲೇ "ಮಾತ್ರೆ ತಗೊಂಡ್ಯಾ?" ಅಂತ ಕೇಳುತ್ತಾಳೆ. ಸಿಟ್ಟು ಬಂದರೂ ಅದೇ ಪ್ರಶ್ನೆ. ಖುಷಿಗೂ ಸಿಟ್ಟಿಗೂ ನನಗೆ ಹಕ್ಕಿಲ್ಲವೇನೋ ಅನಿಸುತ್ತಿತ್ತು. ಅವತ್ತು ಎಲ್ಲರ ಮುಂದೆ ಅದನ್ನು ಹೇಳಿದೆ. ಅಕ್ಕ ಸುಮ್ಮನಿದ್ದು, ಆಮೇಲೆ "ನಿನ್ನನ್ನ ಎರಡು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನು. ಆ ಎರಡೂ ಸಲ ಮೊದಲ ದಿನ ನೀನು ತುಂಬಾ ನಗ್ತಿದ್ದೆ" ಅಂದಳು. ನನ್ನ ಹತ್ತಿರ ಮಾತಿರಲಿಲ್ಲ. ಎದುರಿಗಿದ್ದ ಒಬ್ಬರ ಹೆಂಡತಿ ಅಕ್ಕನ ಕೈ ಹಿಡಿದುಕೊಂಡಿದ್ದರು, ಅವರದು ವಾಸನೆ ನೋಡುವ ಮನೆ. ಕೊನೆಗೆ ಒಂದು ಒಪ್ಪಂದ ಆಯಿತು: ನಗು ಕಂಡರೆ ಕೇಳುವಂತಿಲ್ಲ, ಐದು ಸಾಲಿನ ಹಾಳೆಯನ್ನು ವಾರಕ್ಕೊಮ್ಮೆ ನೋಡಬಹುದು, ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ನಿದ್ದೆ ಅಂತ ಕಂಡರೆ ನಾನು ಜಗಳ ಮಾಡದೆ ಡಾಕ್ಟರಿಗೆ ಫೋನ್ ಮಾಡಬೇಕು. ಈ ಒಂದು ಗಂಟೆಗೇ ಮೂರು ನಂಬರ್ ಕೊಡುತ್ತೇನೆ.

ಈಗ ಕಟ್ ಆದ ನಂಬರ್.

ಗ್ರೂಪಿನಲ್ಲಿ ಎಲ್ಲರಿಗೂ ಫೋನಿನಲ್ಲಿ ದಿನ ಎಣಿಸುವ ಒಂದು ಆಪ್ ಹಾಕಿಕೊಳ್ಳಲು ಹೇಳಿದ್ದರು. ಕುಡಿಯದ ದಿನ 1, 2, 3 ಅಂತ ಏರುತ್ತದೆ. ಕುಡಿದರೆ ಸೊನ್ನೆ ಒತ್ತಬೇಕು. ಕುಡಿತಕ್ಕೆ ಇದು ಕೆಲವರಿಗೆ ಆಗುತ್ತದೆ, ನನಗೂ ಆಯಿತು. ಆದರೆ ನಮ್ಮಲ್ಲಿ ಕೆಲವರು, "ಎರಡೂ ಒಂದೇ ಕಾಯಿಲೆ ಅಂದಮೇಲೆ" ಅಂತ, ಎಪಿಸೋಡ್ ಇಲ್ಲದ ದಿನಗಳನ್ನೂ ಹಾಗೇ ಎಣಿಸಲು ಶುರು ಮಾಡಿದರು. ಕೌನ್ಸೆಲರ್ ಬೇಡ ಅನ್ನಲಿಲ್ಲ. ನಾನೂ ಎಣಿಸಿದೆ. 13ನೇ ವಾರ, ಕುಡಿಯದೆ, ಒಂದು ಮಾತ್ರೆಯನ್ನೂ ತಪ್ಪಿಸದೆ, ಹೊತ್ತಿಗೆ ಮಲಗುತ್ತಾ ಇದ್ದರೂ ನನಗೆ ಹೈಪೋಮೇನಿಯಾ ಬಂತು. ಡಾಕ್ಟರ್ ಡೋಸ್ ಬದಲಿಸಿದರು, ಹತ್ತು ಹನ್ನೆರಡು ದಿನದಲ್ಲಿ ಇಳಿಯಿತು. ಆದರೆ ಆ ಆಪ್ ಮುಂದೆ ಕೂತು, 97ನ್ನು ಸೊನ್ನೆ ಮಾಡಬೇಕಾ ಅಂತ ಅರ್ಧ ಗಂಟೆ ಯೋಚಿಸಿದೆ. ಮಾಡಿದೆ. ಆ ರಾತ್ರಿ ಕುಡಿಯಬೇಕು ಅನಿಸಿದಷ್ಟು ಮತ್ಯಾವತ್ತೂ ಅನಿಸಿಲ್ಲ. ಮುಳುಗಿದವನಿಗೆ ಮಳೆಯೇನು ಅನ್ನುವ ಆ ಯೋಚನೆಯನ್ನು ಓಡಿಸಲು ಕಲಿಸಿದವರೇ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದರು.

ಹೋಲಿಕೆ ಮುರಿಯುವುದು ಇಲ್ಲಿಯೇ. ಗ್ಲಾಸ್ ತಾನಾಗಿ ಬಾಯಿಗೆ ಬರುವುದಿಲ್ಲ. ಅದು ಎಷ್ಟೇ ಕಷ್ಟದ್ದಾಗಿರಲಿ, ಕೈ ಎತ್ತುವ ಒಂದು ಕ್ಷಣ ಇದೆ, ಆ ಕ್ಷಣದ ಸುತ್ತ ಬೇಲಿ ಕಟ್ಟಬಹುದು. ಎಪಿಸೋಡ್‌ಗೆ ಅಂಥ ಕ್ಷಣ ಇಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಬರಬಹುದು, ಕೆಲವರಿಗೆ ಋತು ಬದಲಾದಾಗ ಬರುತ್ತದೆ, ಕೆಲವರಿಗೆ ಕಾರಣವೇ ಸಿಗುವುದಿಲ್ಲ. ಕುಡಿಯದೇ ಇರುವುದು ನಾನು ಮಾಡುವ ಕೆಲಸ. ಎಪಿಸೋಡ್ ಬರದೇ ಇರುವುದು ನನ್ನ ಕೆಲಸದ ಫಲ, ಅದೂ ಸಿಕ್ಕರೆ. ಮಾತ್ರೆ ತಗೊಂಡ ದಿನ ಎಣಿಸಿ, ಹಾಳೆ ತುಂಬಿದ ದಿನ ಎಣಿಸಿ, ಬೇಕಾದರೆ. ಮೂಡ್ ಎಣಿಸಬೇಡಿ. ಇದನ್ನು ನಾನು 15ನೇ ವಾರ ಹೇಳಿದಾಗ ಕೌನ್ಸೆಲರ್ ಒಪ್ಪಿಕೊಂಡರು, "ನಾವು ಮೊದಲೇ ಹೇಳಬೇಕಿತ್ತು" ಅಂದರು. ಹೌದು, ಹೇಳಬೇಕಿತ್ತು.

ಇದೇ ಗೊಂದಲದ ಇನ್ನೊಂದು ಮುಖವನ್ನು ಈ ಗ್ರೂಪಿಗಿಂತ ಮೊದಲು ಬೇರೆ ಕಡೆ ನೋಡಿದ್ದೆ. ಕುಡಿತ ಬಿಟ್ಟವರ ಒಂದು ಕೂಟದಲ್ಲಿ ಒಬ್ಬರು ನನಗೆ "ನಿಮ್ಮ ಲಿಥಿಯಂ ಕೂಡ ಒಂದು ಚಟವೇ, ಅದನ್ನೂ ಬಿಟ್ಟರೆ ನಿಜವಾದ ಸೋಬರ್" ಅಂದಿದ್ದರು. ನಾನು ನಂಬಿದೆ. ಅದರ ಫಲ ಬರೆಯುವುದಿಲ್ಲ, ಊಹಿಸಿಕೊಳ್ಳಿ. ಲಿಥಿಯಂ ಮತ್ತೇರಿಸುವುದಿಲ್ಲ, ಅದಕ್ಕಾಗಿ ಯಾರೂ ಹಪಹಪಿಸುವುದಿಲ್ಲ, ಇನ್ನೊಂದು ಮತ್ತೊಂದು ಬೇಕು ಅನಿಸುವುದಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಮೇನಿಯಾಕ್ಕೆ ಅದನ್ನು ಕೊಟ್ಟು ನೋಡಿದ್ದನ್ನು ಬರೆದಾಗಿನಿಂದ ಎಷ್ಟೋ ಜನರನ್ನು ಅದು ಕಾಲ ಮೇಲೆ ನಿಲ್ಲಿಸಿದೆ. 1935ರಲ್ಲಿ ಶುರುವಾದ, ಕುಡಿತ ಬಿಡುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಮಾತ್ರೆ ಬಿಡಿ ಅನ್ನುವುದಿಲ್ಲ, ಸದಸ್ಯರು ಡಾಕ್ಟರ್ ಆಗಲು ಹೋಗಬೇಡಿ ಅಂತಲೇ ಅವರ ಕೈಪಿಡಿಯಲ್ಲಿದೆ. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ಹೇಳುತ್ತಾರೆ, ಮತ್ತು ಕೇಳಿಸಿಕೊಳ್ಳುವವರು ಆಗ ಎಲ್ಲವನ್ನೂ ನಂಬುವ ಸ್ಥಿತಿಯಲ್ಲಿರುತ್ತಾರೆ. ಈ ಜೋಡಿ ಗ್ರೂಪಿನ ದೊಡ್ಡ ಲಾಭ ಅದು: ಅಲ್ಲಿ ಮಾತ್ರೆ ಡಬ್ಬಿ ತೆಗೆದರೆ ಯಾರೂ ಹುಬ್ಬೇರಿಸುವುದಿಲ್ಲ.

ಚಿಕ್ಕಪುಟ್ಟ ದೂರುಗಳು. ಡಿಪ್ರೆಶನ್ನಿಗೆ ಕೊಟ್ಟ ಸಮಯ ಕಡಿಮೆ, ಎರಡು ವಾರ ಅಷ್ಟೇ, ನಮ್ಮ ಬದುಕಿನಲ್ಲಿ ಅದರ ಪಾಲು ಎಷ್ಟು ದೊಡ್ಡದು ಅಂತ ಮೇಲೇ ಬರೆದೆ. ಒಬ್ಬರಿಗೆ ಮಾತು ಏರಿದಾಗ ಇಡೀ ಗಂಟೆ ಅವರದೇ ಆಯಿತು, ಕೌನ್ಸೆಲರ್ ನಿಲ್ಲಿಸಲು ಹಿಂಜರಿದರು. ಕೊಡುವ ಹಾಳೆಗಳು ಅಚ್ಚುಕಟ್ಟು, ಆದರೆ ಕೆಲವು ದಿನ ಹಾಳೆ ಓದಿ ಮುಗಿಸುವುದೇ ಕೆಲಸ ಆಗಿತ್ತು. ಮತ್ತು 20ನೇ ವಾರ ಆದ ಮೇಲೆ ಏನು? ಏನೂ ಇಲ್ಲ. ಕೈಕುಲುಕಿ ಕಳಿಸಿದರು. ಜೀವನಪೂರ್ತಿ ಇರುವ ಎರಡು ಕಾಯಿಲೆಗೆ ಐದು ತಿಂಗಳ ಟಿಕೆಟ್ ಕೊಟ್ಟ ಹಾಗೆ.

ಯಾರಿಗೆ ಬೇಡ? ದಿನವೂ ಜೋರಾಗಿ ಕುಡಿಯುತ್ತಿರುವವರು ಮೊದಲು ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ ನಿಲ್ಲಿಸಿ ಬರಬೇಕು. ಮೇನಿಯಾ ನೆತ್ತಿಗೇರಿರುವವರಿಗೆ ಗುಂಡಗೆ ಕೂರುವ ಗ್ರೂಪ್ ಆಗುವುದಿಲ್ಲ, ಮೊದಲು ಇಳಿಯಲಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮುಂದಿನ ವಾರದ ಮೀಟಿಂಗಿಗೆ ಕಾಯಬೇಡಿ, ಈಗಲೇ ಮನೆಯವರಿಗೋ ಡಾಕ್ಟರಿಗೋ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಉಳಿದಂತೆ, "ನನಗೆ ಅಷ್ಟು ಕುಡಿತ ಇಲ್ಲ, ವಾರಕ್ಕೆ ಎರಡು ಸಲ ಅಷ್ಟೇ" ಅನ್ನುವ ಬೈಪೋಲಾರಿನವರು ಇದ್ದರೆ, ನೀವು ಖಂಡಿತ ಹೋಗಿ. ನಾನೂ ಅದನ್ನೇ ಹೇಳುತ್ತಿದ್ದೆ.

ಗ್ರೂಪ್ ಮುಗಿದ ಮೇಲೆ ನಾವು ಐದು ಜನ ಬಿಡಲಿಲ್ಲ. ಪ್ರತಿ ಭಾನುವಾರ ಸಂಜೆ ಅವೇ ಪ್ರಶ್ನೆಗಳಿಗೆ ಉತ್ತರ ಬರೆದು ಒಬ್ಬರಿಗೊಬ್ಬರು ಕಳಿಸುತ್ತೇವೆ. ಆಪ್ ತೆಗೆದುಹಾಕಿದೆ. ಈ ವಾರದ ನನ್ನದು ಹೀಗಿದೆ. ಕುಡಿತ: ಇಲ್ಲ. ಮೂಡ್: ಮಂಗಳವಾರದಿಂದ ಸ್ವಲ್ಪ ಕೆಳಗೆ. ಮಾತ್ರೆ: ಗುರುವಾರ ರಾತ್ರಿ ಒಂದು ತಪ್ಪಿತು, ಬೆಳಿಗ್ಗೆ ಅಕ್ಕನಿಗೆ ನಾನೇ ಹೇಳಿದೆ. ಮುಂದಿನ ವಾರದ ಅಪಾಯ: ಶನಿವಾರ ರಾತ್ರಿ ಪ್ರಯಾಣ, ನಿದ್ದೆ ಕೆಡುತ್ತೆ, ಹಗಲಿನ ಟಿಕೆಟ್ ಸಿಗುತ್ತಾ ನೋಡಬೇಕು.